ನೀರು ಕುಡಿದ ವಾಚಿಗೆ ಮದ್ದು

ಮುಂಬಯಿಯ ಚೋರ್ ಬಜಾರಿನಲ್ಲಿ ಹಳೆಯ ವಾಚುಗಳಿಗೆ ಗಾಜಿನ ಕಪಾಟಿನ ಮರ್ಯಾದೆ ಸಿಗುವುದು ಅಪರೂಪ. ತಟ್ಟೆಯಲ್ಲೋ ಡಬ್ಬಿಯಲ್ಲೋ ರಾಶಿ ಬಿದ್ದಿರುತ್ತವೆ. ಎಚ್‌ಎಂಟಿ, ಸೀಕೋ, ಸಿಟಿಜನ್, ಫಾವ್ರ್-ಲ್ಯೂಬಾ ಎಲ್ಲವೂ ಒಂದರ ಮೇಲೊಂದು, ಪಟ್ಟಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ರಾಶಿಯಲ್ಲಿ ಕೈಯಾಡಿಸುವಾಗ ಕೆಲವೊಮ್ಮೆ ಉಳಿದವುಗಳಿಗಿಂತ ದಪ್ಪ, ಭಾರವಾದ ಒಂದು ವಾಚು ಸಿಗುತ್ತದೆ. ಅಂಚಿನಲ್ಲಿ ತಿರುಗುವ ಬಳೆ, ಡಯಲ್ ಮೇಲೆ ‘150 ಮೀಟರ್’ ಎಂಬ ಬರಹ. ಸಮುದ್ರಕ್ಕೆ ಧುಮುಕುವವರಿಗೆಂದೇ ತಯಾರಾದ ಡೈವ್ ವಾಚು. ಗಾಜಿನ ಒಳಮೈಗೆ ಹಬೆಯ ಕಲೆ, ಮುಳ್ಳುಗಳಿಗೆ ತುಕ್ಕು, ಅಂಕಿಗಳ ಜಾಗದ ಹೊಳಪು ಬಣ್ಣ ಬೂಷ್ಟು ಹಿಡಿದು ಕಪ್ಪಾಗಿರುತ್ತದೆ. ‘ಪಾನಿ ಗಯಾ ಹೈ’ ಎನ್ನುತ್ತಾನೆ ಮಾರುವವನು. ಅದೂ ನಾವು ಕೇಳಿದ ಮೇಲೆ.

ಇಂಥ ವಾಚನ್ನು ಮತ್ತೆ ನಡೆಯುವಂತೆ ಮಾಡುವ ಕಸುಬು ಈ ನಗರದಲ್ಲಿ ಇನ್ನೂ ಬದುಕಿದೆ. ಅದು ಕೈಚಳಕದ ಕೆಲಸ ಎಂಬುದು ಎಲ್ಲರಿಗೂ ಗೊತ್ತು. ಎಲ್ಲಿ ಕೈ ನಿಲ್ಲಿಸಬೇಕು ಎಂಬ ವಿವೇಕ ಅದಕ್ಕಿಂತ ದೊಡ್ಡದು ಎನ್ನುವುದು ಅಷ್ಟಾಗಿ ಗೊತ್ತಿಲ್ಲ.

ಮೊದಲು ಈ ವಾಚುಗಳು ಮುಂಬಯಿಗೆ ಬಂದ ದಾರಿ ನೋಡೋಣ. ಭೇಂಡಿ ಬಜಾರಿನ ಮಗ್ಗುಲಿಗೆ, ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಮಟನ್ ಸ್ಟ್ರೀಟ್ ಚೋರ್ ಬಜಾರಿನ ನಡುಬೀದಿ. ಶುಕ್ರವಾರ ಅಂಗಡಿಗಳ ಬಾಗಿಲು ಮುಚ್ಚಿದಾಗ ರಸ್ತೆಯ ಮೇಲೆಯೇ ಜುಮ್ಮಾ ಬಜಾರು ಹರಡಿಕೊಳ್ಳುತ್ತದೆ. ಅಲ್ಲಿಗೆ ಸಾಮಾನು ಬರುವ ಮೂಲಗಳಲ್ಲಿ ದಾರುಖಾನಾ ಒಂದು. ಬಂದರಿನ ಅಂಚಿನಲ್ಲಿ ಹಳೆಯ ಹಡಗುಗಳನ್ನು ಒಡೆಯುವ ಜಾಗ ಅದು. ಹಡಗಿನ ಗೋಡೆ ಗಡಿಯಾರ, ಲಾಟೀನು, ದಿಕ್ಸೂಚಿಗಳು ಅಲ್ಲಿಂದ ಇಲ್ಲಿಗೆ ಇಳಿಯುತ್ತವೆ. ಕೈಗಡಿಯಾರಗಳ ಕತೆ ಬೇರೆ. ಆಮದಿಗೆ ಬಿಗಿ ಕಟ್ಟಿದ್ದ ದಶಕಗಳಲ್ಲಿ ಚಿನ್ನದ ಜೊತೆಜೊತೆಗೇ ಈ ಕರಾವಳಿಗೆ ಕಳ್ಳದಾರಿಯಲ್ಲಿ ಬರುತ್ತಿದ್ದ ಸರಕು ವಿದೇಶಿ ವಾಚು. ಇನ್ನೊಂದು ದಾರಿ ನಮ್ಮವರದೇ. ಮಂಗಳೂರಿನಿಂದ ಕೊಲ್ಲಿಗೆ ನೇರ ವಿಮಾನ ಇಲ್ಲದ ಕಾಲದಲ್ಲಿ ಉಡುಪಿ, ಕುಂದಾಪುರ, ಕಾಸರಗೋಡಿನ ಕಡೆಯ ಹುಡುಗರು ಮುಂಬಯಿಗೆ ಬಂದೇ ದುಬೈ, ಮಸ್ಕತ್ತಿನ ವಿಮಾನ ಹತ್ತುತ್ತಿದ್ದರು, ಇಲ್ಲೇ ಬಂದು ಇಳಿಯುತ್ತಿದ್ದರು. ಅವರ ಕೈಯಲ್ಲಿ ಬಂದ ಸೀಕೋ ಊರಿಗೂ ಹೋಯಿತು, ಕಾಸು ಬೇಕಾದಾಗ ಈ ನಗರದಲ್ಲೇ ಕೈ ಬದಲಿಸಿತು. 1976ರಿಂದ 1988ರವರೆಗೆ ತಯಾರಾದ ಸೀಕೋ 6309 ಎಂಬ ಡೈವ್ ವಾಚು ಇವತ್ತಿಗೂ ರಾಶಿಯಲ್ಲಿ ಸಿಗುವುದು ಹಾಗಾಗಿ ಆಶ್ಚರ್ಯವಲ್ಲ.

ಸ್ವಿಸ್ ವಾಚುಗಳಲ್ಲಿ ಮುಂಬಯಿಗೆ ತೀರ ಹತ್ತಿರದ್ದು ಫಾವ್ರ್-ಲ್ಯೂಬಾ. 1737ರಲ್ಲಿ ಲ ಲೊಕ್ಲ್ ಎಂಬ ಸ್ವಿಸ್ ಊರಿನಲ್ಲಿ ಹುಟ್ಟಿದ ಈ ಮನೆತನದ ಕಂಪನಿ 1865ರಲ್ಲೇ ಭಾರತದಲ್ಲಿ ವ್ಯಾಪಾರಕ್ಕಿಳಿಯಿತು, ಮುಂಬಯಿಯೇ ಅದರ ನೆಲೆ. ನಮ್ಮ ಹಿರಿಯರ ತಲೆಮಾರಿನಲ್ಲಿ ಒಳ್ಳೆಯ ವಾಚು ಎಂದರೆ ‘ಸೀ ಕಿಂಗ್’, ‘ಸೀ ಚೀಫ್’ ಎಂದು ನೆನೆಯುವವರು ಇನ್ನೂ ಇದ್ದಾರೆ. ಹೆಸರಿನಲ್ಲಿ ಸಮುದ್ರವಿದ್ದರೂ ಅವು ಡೈವ್ ವಾಚುಗಳಲ್ಲ. ಕಂಪನಿಯ ನಿಜವಾದ ಡೈವ್ ವಾಚುಗಳು 1960ರ ದಶಕದ ‘ಡೀಪ್ ಬ್ಲೂ’ ಮತ್ತು ‘ಬಾಥಿ’. ಈ ‘ಬಾಥಿ’ಯ ಜಾಣತನ ನನಗೆ ಬಹಳ ಇಷ್ಟ. ಉಳಿದ ವಾಚುಗಳು ನೀರನ್ನು ಹೊರಗಿಡಲು ಹೆಣಗಿದರೆ ಇದು ಹಿಂಬದಿಯ ತೂತುಗಳಿಂದ ನೀರನ್ನು ತಾನೇ ಒಳಗೆ ಕರೆಯುತ್ತದೆ. ಆ ನೀರು ತೆಳುವಾದ ಲೋಹದ ಪೊರೆಯೊಂದನ್ನು ಒತ್ತುತ್ತದೆ, ಒತ್ತಿದಷ್ಟೂ ಒಂದು ಮುಳ್ಳು ತಿರುಗಿ ಎಷ್ಟು ಮೀಟರ್ ಆಳದಲ್ಲಿದ್ದೀರಿ ಎಂದು ತೋರಿಸುತ್ತದೆ. ಪೊರೆ ತೂತಾದರೆ ಮಾತ್ರ ವಾಚಿಗೆ ಉಳಿವಿಲ್ಲ. ಫಾವ್ರ್-ಲ್ಯೂಬಾ ಹೆಸರನ್ನು 2011ರಲ್ಲಿ ಟೈಟಾನ್ ಕೊಂಡಿತು, 2023ರಲ್ಲಿ ಅದು ಈಥೋಸ್ ಬಳಗದ ಕೈಸೇರಿತು. ಹಳೆಯ ಬಿಡಿಭಾಗಗಳಿಗೆ ಮಾತ್ರ ಹಳೆಯ ಪೇಟೆಯೇ ಗತಿ.

ಡೈವ್ ವಾಚು ಇವತ್ತಿನ ರೂಪ ಪಡೆದದ್ದು 1953ರಲ್ಲಿ. ಫ್ರೆಂಚ್ ನೌಕಾಪಡೆಯ ಮುಳುಗುಗಾರರು ಕೇಳಿದಂತೆ ಬ್ಲಾಂಕ್‌ಪಾಂ ಕಂಪನಿ ‘ಫಿಫ್ಟಿ ಫ್ಯಾದಮ್ಸ್’ ಮಾಡಿತು, ಅದೇ ವರ್ಷ ರೋಲೆಕ್ಸ್ ‘ಸಬ್‌ಮರೀನರ್’ ಮಾಡಿತು. ಅಂಚಿನ ಬಳೆ ಅಲಂಕಾರವಲ್ಲ. ನೀರಿಗಿಳಿಯುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಸರಿಹೊಂದಿಸಿದರೆ ಸಿಲಿಂಡರಿನ ಗಾಳಿ ಖರ್ಚಾದ ಹೊತ್ತು ಒಂದೇ ನೋಟಕ್ಕೆ ತಿಳಿಯುತ್ತದೆ. ಆಮೇಲಿನ ವಾಚುಗಳಲ್ಲಿ ಬಳೆಯನ್ನು ಒಂದೇ ದಿಕ್ಕಿಗೆ ತಿರುಗುವಂತೆ ಮಾಡಿದ್ದೇಕೆಂದರೆ, ಬಂಡೆಗೆ ತಗುಲಿ ಸರಿದರೂ ‘ಹೊತ್ತು ಜಾಸ್ತಿಯಾಯಿತು’ ಎಂದಷ್ಟೇ ತಪ್ಪು ತೋರಿಸಲಿ, ‘ಇನ್ನೂ ಗಾಳಿ ಇದೆ’ ಎಂದು ನಂಬಿಸಿ ಕೊಲ್ಲದಿರಲಿ ಎಂದು.

ಇಷ್ಟೆಲ್ಲ ಕಟ್ಟುನಿಟ್ಟಿದ್ದೂ ನೀರು ಹೋಗುವುದು ಹೇಗೆ? ಉಕ್ಕಿನ ಕವಚಕ್ಕೆ ಏನೂ ಆಗಿರುವುದಿಲ್ಲ. ಕೆಡುವುದು ಮೂರು ರಬ್ಬರ್ ಬಳೆಗಳು: ಹಿಂಬದಿಯ ಮುಚ್ಚಳದ ಅಡಿಯಲ್ಲಿ ಒಂದು, ಗಾಜಿನ ಸುತ್ತ ಒಂದು, ಕೀ ಕೊಡುವ ಗುಂಡಿಯೊಳಗೆ ಒಂದು. ಮುಂಬಯಿಯ ರಿಪೇರಿಯವರು ಆ ಗುಂಡಿಗೆ ಚಾವಿ ಎನ್ನುತ್ತಾರೆ. ಅಡುಗೆಮನೆಯ ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆಯೇ ಈ ರಬ್ಬರು ವರ್ಷಗಳು ಕಳೆದಂತೆ ಗಡುಸಾಗುತ್ತದೆ, ಒತ್ತಿದ ಆಕಾರದಲ್ಲೇ ಉಳಿದುಬಿಡುತ್ತದೆ. ಅದಕ್ಕೆ ಬೆವರು ಸೇರಿತು, ಸೋಪಿನ ನೊರೆ ಸೇರಿತು. ಚಾವಿಯನ್ನು ತಿರುಪಿ ಬಿಗಿಯುವ ಮರೆ ಸವೆಯಿತು. ಬಿಸಿಲಲ್ಲಿ ಕಾದ ವಾಚು ತಟ್ಟನೆ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಹಾಗಾಗಿ ಮುಂಬಯಿಯಲ್ಲಿ ಡೈವ್ ವಾಚು ನೀರು ಕುಡಿಯಲು ಅರಬ್ಬಿ ಸಮುದ್ರದ ಆಳಕ್ಕೆ ಹೋಗಬೇಕಿಲ್ಲ, ಜುಲೈ ತಿಂಗಳ ಲೋಕಲ್ ಟ್ರೈನಿನ ಬಾಗಿಲಲ್ಲಿ ನಿಂತರೆ ಸಾಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದವರ ಕೈಯಲ್ಲಿ ಎಷ್ಟು ವಾಚುಗಳಿದ್ದವೋ!

ಆಳಕ್ಕೆ ಹೋದವರೂ ಇಲ್ಲದಿಲ್ಲ. 1974ರಲ್ಲಿ ಬಾಂಬೆ ಹೈಯಲ್ಲಿ ತೈಲ ಸಿಕ್ಕ ಮೇಲೆ ದಡದಿಂದ ಸುಮಾರು 160 ಕಿಲೋಮೀಟರ್ ದೂರದ ಆ ಕಡಲಿನಲ್ಲಿ ಕೊಳವೆ ಕೆಲಸಕ್ಕೆ ಮುಳುಗುಗಾರರು ಬೇಕಾದರು. ದಿನಗಟ್ಟಲೆ ಒತ್ತಡದ ಕೋಣೆಯಲ್ಲಿ ಹೀಲಿಯಂ ಬೆರೆತ ಗಾಳಿ ಉಸಿರಾಡುತ್ತ ಮಾಡುವ ಡೈವಿಂಗ್ ಕೆಲಸದಲ್ಲಿ ತೊಂದರೆ ತಿರುಗುಮುರುಗು. ಹೀಲಿಯಂ ರಬ್ಬರನ್ನು ದಾಟಿ ವಾಚಿನೊಳಗೆ ನುಸುಳುತ್ತದೆ, ಮೇಲೇರುವಾಗ ಒಳಗಿನಿಂದಲೇ ಗಾಜನ್ನು ಕಿತ್ತೆಸೆಯುತ್ತದೆ. ರೋಲೆಕ್ಸ್ 1967ರ ‘ಸೀ-ಡ್ವೆಲ್ಲರ್’ಗೆ ಹೀಲಿಯಂ ಹೊರಬಿಡುವ ಪುಟ್ಟ ಕವಾಟ ಇಟ್ಟದ್ದು ಅದಕ್ಕೇ.

ಈಗ ರಿಪೇರಿಯ ಮೇಜಿಗೆ ಬರೋಣ. ಉಪ್ಪುನೀರು ಈಗಷ್ಟೇ ಹೊಕ್ಕಿದ್ದರೆ ಅಕ್ಕಿ ಡಬ್ಬಿಯಲ್ಲಿ ಹುಗಿಯುವುದರಿಂದ ಏನೂ ಪ್ರಯೋಜನವಿಲ್ಲ. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಗಾಳಿಯೂ ಉಪ್ಪೂ ಕೂಡಿದರೆ ತುಕ್ಕಿಗೆ ಗಂಟೆಗಳೇ ಸಾಕು. ಹಳಬರ ಪದ್ಧತಿ ಎಂದರೆ, ಹಿಂಬದಿ ತೆರೆದು ಸಿಹಿನೀರಿನಲ್ಲಿ ತೊಳೆದು ಗಾಳಿ ಸೋಕದಂತೆ ಎಣ್ಣೆಯಲ್ಲೋ ಸೀಮೆಎಣ್ಣೆಯಲ್ಲೋ ಮುಳುಗಿಸಿಕೊಂಡೇ ರಿಪೇರಿಯವನ ಬಳಿಗೆ ಓಡುವುದು. ಡಯಲ್ಲಿನ ಬಣ್ಣ ಹೋದರೂ ಹೋದೀತು, ಮಶೀನು ಉಳಿಯುತ್ತದೆ.

ಬಜಾರಿನ ವಾಚಿಗೆ ಆ ಭಾಗ್ಯವಿಲ್ಲ. ಅದು ನೀರು ಕುಡಿದು ಎಷ್ಟೋ ವರ್ಷಗಳಾಗಿರುತ್ತವೆ. ಮುಚ್ಚಳ ತೆರೆದರೆ ಮೊದಲು ಕಾಣುವುದು ಕಂದು ಪುಡಿ. ಆದರೆ ಹೆದರಿಕೆಗೆ ತಕ್ಕಷ್ಟು ಹಾನಿ ಆಗಿರುವುದಿಲ್ಲ. ಮಶೀನಿನ ತಟ್ಟೆಗಳು ಹಿತ್ತಾಳೆಯವು, ಮೇಲೆ ನಿಕ್ಕಲ್ ಲೇಪ. ಬಣ್ಣಗೆಟ್ಟರೂ ಗಟ್ಟಿಯಾಗಿರುತ್ತವೆ. ಕೆಂಪು ಹರಳುಗಳು ಕೃತಕ ಮಾಣಿಕ್ಯ, ಅವಕ್ಕೆ ನೀರಿನ ಭಯವೇ ಇಲ್ಲ. ಸಾಯುವುದು ಉಕ್ಕು: ಚಾವಿಯ ಕಡ್ಡಿ, ಸ್ಕ್ರೂಗಳು, ತಾರೀಕು ಬದಲಿಸುವ ಸಣ್ಣ ಸ್ಪ್ರಿಂಗುಗಳು. ಕೂದಲಿಗಿಂತ ತೆಳುವಾದ ಹೇರ್‌ಸ್ಪ್ರಿಂಗಿನ ಮೇಲೆ ತುಕ್ಕಿನ ಒಂದು ಚುಕ್ಕೆ ಬಿದ್ದರೂ ಅದರ ಬಾಗುವಿಕೆಯ ಲಯ ತಪ್ಪಿ ವಾಚು ಸರಿಯಾದ ಸಮಯ ತೋರಿಸುವುದಿಲ್ಲ. ತಿಕ್ಕಿ ಸರಿಮಾಡುವ ವಸ್ತು ಅದಲ್ಲ, ಬದಲಿಸಲೇಬೇಕು.

ತುಕ್ಕು ಹಿಡಿದ ಸ್ಕ್ರೂವಿನ ತಲೆ ಮುರಿದು ಮೈ ತಟ್ಟೆಯೊಳಗೇ ಉಳಿದಾಗ ಮಾಡುವ ಉಪಾಯವೊಂದಿದೆ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಪಟಿಕವನ್ನು ನೀರಿನಲ್ಲಿ ಕರಗಿಸಿ, ತಟ್ಟೆಯ ಮೇಲಿನ ಉಕ್ಕಿನ ಬೇರೆ ಭಾಗಗಳನ್ನೆಲ್ಲ ಬಿಚ್ಚಿ ತೆಗೆದು, ಹಿತ್ತಾಳೆಯ ತಟ್ಟೆಯನ್ನಷ್ಟೇ ಅದರಲ್ಲಿ ಬಿಸಿಯಾಗಿಡುತ್ತಾರೆ. ಪಟಿಕ ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಯ ತಂಟೆಗೆ ಹೋಗುವುದಿಲ್ಲ. ಕೆಲವು ಗಂಟೆಗಳಲ್ಲಿ ಸ್ಕ್ರೂ ಕಪ್ಪು ಕೆಸರಾಗಿ ಉದುರುತ್ತದೆ, ತಟ್ಟೆಯ ಮರೆ ಹಾಗೆಯೇ ಉಳಿಯುತ್ತದೆ. ಲಕ್ಷಗಟ್ಟಲೆ ರೂಪಾಯಿಯ ವಾಚಿಗೂ ಪಟಿಕದ ತುಂಡೇ ಔಷಧ.

ಮುಂದಿನದು ಬಿಡಿಭಾಗದ ಬೇಟೆ. ಇಲ್ಲಿ ಸೀಕೋ ಕೊಂಡವನ ಅದೃಷ್ಟ ದೊಡ್ಡದು. ಡೈವ್ ವಾಚಿನ 6309 ಮಶೀನೇ ಆ ಕಂಪನಿಯ ಅಗ್ಗದ ಆಟೊಮ್ಯಾಟಿಕ್ ವಾಚುಗಳಲ್ಲೂ ಇತ್ತು. ಗಾಜು ಒಡೆದ, ಕವಚ ಸವೆದ, ಆದರೆ ಒಳಗೆ ಒಣಗಿರುವ ಒಂದು ಸಾದಾ ಸೀಕೋವನ್ನು ಅದೇ ರಾಶಿಯಿಂದ ಹೆಕ್ಕಿದರೆ ಹೇರ್‌ಸ್ಪ್ರಿಂಗು, ಅದರೊಡನೆ ತೂಗುವ ಬ್ಯಾಲೆನ್ಸ್ ಚಕ್ರ, ಸ್ಕ್ರೂ ಎಲ್ಲಕ್ಕೂ ದಾನಿ ಸಿಕ್ಕಂತೆ. ಕೆಲಸ ಕಲಿತ ಕೈಗಳೂ ನಮ್ಮಲ್ಲಿ ಕಡಿಮೆಯಿರಲಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾದ ಮೇಲೆ ದೇಶದ ಮೂಲೆಮೂಲೆಯ ರಿಪೇರಿಯವರು ಕೈ ಪಳಗಿಸಿಕೊಂಡದ್ದು ಆ ಮಶೀನಿನ ಮೇಲೆಯೇ. ಕ್ವಾರ್ಟ್ಜ್ ಬಂದು ಬಹುಪಾಲು ಅಂಗಡಿಗಳು ಸೆಲ್ ಬದಲಿಸುವ ಅಂಗಡಿಗಳಾದವು. ಬ್ಯಾಲೆನ್ಸ್ ಬಿಚ್ಚಿ ಜೋಡಿಸಬಲ್ಲವರನ್ನು ಈಗ ಹುಡುಕಿಕೊಂಡು ಹೋಗಬೇಕು.

ಮಶೀನು ನಡೆಯತೊಡಗಿದ ಮೇಲೆ ನಿಜವಾದ ಪ್ರಶ್ನೆ ಎದುರಾಗುತ್ತದೆ: ಡಯಲ್ಲನ್ನು ಏನು ಮಾಡುವುದು? ‘ನಯಾ ಕರ್ ದೂಂ?’ ಎಂದು ಮುಂಬಯಿ ತಕ್ಷಣ ಕೇಳುತ್ತದೆ. ಹಳೆಯ ಬಣ್ಣ ಕೆರೆದು ಹೊಸ ಬಣ್ಣ ಬಳಿದು ಅಕ್ಷರ ಮುದ್ರಿಸಿ, ಕವಚವನ್ನು ಬಫ್ ಚಕ್ರಕ್ಕೆ ಹಿಡಿದು ಕನ್ನಡಿ ಮಾಡಿ ಕೊಡುವ ಕಲೆಯಲ್ಲಿ ಈ ನಗರ ಎಷ್ಟು ಪಳಗಿದೆಯೆಂದರೆ, ಜಗತ್ತಿನ ವಾಚು ಸಂಗ್ರಾಹಕರು ಇಂಥ ಮಾಲನ್ನು ‘ಮುಂಬಯಿ ಸ್ಪೆಷಲ್’ ಎಂದೇ ಕರೆದು ದೂರವಿಡುತ್ತಾರೆ. ಕಂಪನಿ ಎಂದೂ ಮಾಡದ ಕಿತ್ತಳೆ, ಗಿಳಿಹಸಿರು ಡಯಲ್, ಒಂದರ ಮುಳ್ಳು ಇನ್ನೊಂದಕ್ಕೆ, ಹೆಸರಿನ ಅಕ್ಷರಗಳು ತುಸು ದಪ್ಪ.

ನಾನು ಇದನ್ನು ಪೂರ್ತಿ ಹಳಿಯಲಾರೆ. ಹೊಸ ಡಯಲ್ ತರಿಸಿಕೊಳ್ಳುವ ದಾರಿಯೇ ಇಲ್ಲದ ಕಾಲದಲ್ಲಿ ಬಣ್ಣ ಬಳಿಯುವುದೇ ರಿಪೇರಿಯಾಗಿತ್ತು. ಅಪ್ಪನ ವಾಚು ಮಗಳ ಮದುವೆಗೆ ಫಳಫಳ ಎನ್ನಬೇಕು ಎನ್ನುವವನ ಆಸೆಯಲ್ಲಿ ತಪ್ಪೇನಿದೆ? ತಪ್ಪು ಇರುವುದು ಬಳಿದದ್ದನ್ನು ಮೂಲದ್ದೆಂದು ಮಾರುವುದರಲ್ಲಿ. ಆದರೆ ಡೈವ್ ವಾಚಿನ ವಿಷಯದಲ್ಲಿ ನನ್ನ ಪಕ್ಷ ಸ್ಪಷ್ಟ. ಕಲೆ ಬಿದ್ದ ಮೂಲ ಡಯಲ್ ಹೊಸ ಬಣ್ಣದ ಡಯಲ್‌ಗಿಂತ ಮೇಲು. ಕವಚದ ಮೇಲಿನ ಗೀರು ಹೋಗಲೆಂದು ಬಫ್ ಹಿಡಿದರೆ ಗೀರಿನ ಜೊತೆ ಕಾರ್ಖಾನೆಯವರು ಕಡೆದ ಅಂಚೂ ಹೋಗುತ್ತದೆ, ಹೋದ ಉಕ್ಕು ಮರಳುವುದಿಲ್ಲ. ಮೆದುವಾದ ಬ್ರಷ್ಷು, ಗಾಳಿ ಊದುವ ರಬ್ಬರ್ ಬುಡ್ಡೆ, ಸಡಿಲವಾದ ಹೊಳಪು ಬಣ್ಣ ಉದುರದಂತೆ ಹಚ್ಚುವ ತೆಳು ಅಂಟು: ಒಳ್ಳೆಯ ಕೆಲಸಗಾರ ಡಯಲ್ಲಿಗೆ ಇಷ್ಟೇ ಮಾಡಿ ಕೈ ತೊಳೆದುಕೊಳ್ಳುತ್ತಾನೆ.

ಕೈ ತೊಳೆಯುವುದು ಮಾತಿಗೆ ಮಾತ್ರವಲ್ಲ. 1960ರ ದಶಕದ ಮೊದಲಿನವರೆಗೆ ಕತ್ತಲಲ್ಲಿ ಹೊಳೆಯಲು ಅಂಕಿಗಳಿಗೆ ಹಚ್ಚುತ್ತಿದ್ದದ್ದು ರೇಡಿಯಂ. ಇಂದು ಅದು ಹೊಳೆಯುವುದಿಲ್ಲ, ಏಕೆಂದರೆ ಜೊತೆಗಿದ್ದ ಸತುವಿನ ಸಲ್ಫೈಡ್ ಸುಟ್ಟುಹೋಗಿದೆ. ಆದರೆ ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ವಿಕಿರಣ ಹಾಗೆಯೇ ಇದೆ. ಅಂಥ ಡಯಲ್ಲನ್ನು ಕೆರೆದರೆ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಡಯಲ್‌ಗಳಿಗೆ ಈ ಬಣ್ಣ ಹಚ್ಚುತ್ತ, ಕುಂಚವನ್ನು ತುಟಿಯಿಂದ ಚೂಪುಮಾಡಿಕೊಳ್ಳುತ್ತಿದ್ದ ಅಮೆರಿಕದ ಹುಡುಗಿಯರು 1920ರ ದಶಕದಲ್ಲಿ ದವಡೆ ಕೊಳೆತು ಸತ್ತ ಇತಿಹಾಸವಿದೆ. ನಂತರ ಬಂದ ಟ್ರಿಟಿಯಂ ಸೌಮ್ಯ, ಅದರ ಅರ್ಧಾಯುಷ್ಯ 12.3 ವರ್ಷ. ಸ್ವಿಸ್ ಡಯಲ್ಲಿನ ಕೆಳಗೆ ಪುಟ್ಟ ‘ಟಿ’ ಅಕ್ಷರ ಕಂಡರೆ ಟ್ರಿಟಿಯಂ. ಅಕ್ಷರವಿಲ್ಲದ ತೀರ ಹಳೆಯ ಹೊಳಪು ಡಯಲ್ಲನ್ನು ಫುಟ್‌ಪಾತಿನಲ್ಲೇ ಬಿಚ್ಚಿ ಕೆರೆಯಲು ಯಾರಾದರೂ ಹೊರಟರೆ ವಾಚು ಕಿತ್ತುಕೊಂಡು ಬನ್ನಿ.

ಕೊನೆಯ ಹಂತ ಮುಚ್ಚುವುದು. ಮೂರೂ ರಬ್ಬರ್ ಬಳೆಗಳು ಹೊಸವು, ಅವಕ್ಕೆ ಸಿಲಿಕೋನ್ ಗ್ರೀಸಿನ ತೆಳು ಪದರ. ಮಳೆಗಾಲದ ಮುಂಬಯಿಯಲ್ಲಿ ಮುಚ್ಚಳ ಹಾಕಿದರೆ ಒಳಗೆ ಸೇರಿಕೊಳ್ಳುವುದು ತೇವದ ಗಾಳಿಯೇ. ಬಲ್ಬಿನ ಶಾಖದಲ್ಲಿ ವಾಚನ್ನು ಬೆಚ್ಚಗೆ ಮಾಡಿಕೊಂಡು ಮುಚ್ಚುವುದು ವಾಸಿ. ಆಮೇಲೆ ಪರೀಕ್ಷೆ. ಸರಳವಾದದ್ದು ಮನೆಯಲ್ಲೂ ಮಾಡಬಹುದು: ವಾಚನ್ನು 40ರಿಂದ 45 ಡಿಗ್ರಿಗೆ ಬೆಚ್ಚಗೆ ಮಾಡಿ, ಗಾಜಿನ ಮೇಲೆ ತಣ್ಣೀರಿನ ಹನಿ ಇಟ್ಟು ಒಂದು ನಿಮಿಷ ಬಿಟ್ಟು ಒರೆಸಿದಾಗ ಒಳಮೈಗೆ ಮಂಜು ಕಟ್ಟಿದ್ದರೆ ತೇವ ಉಳಿದಿದೆ ಎಂದರ್ಥ. ಡೈವ್ ವಾಚುಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 6425ರಲ್ಲೂ ಇಂಥದೇ ಪರೀಕ್ಷೆಯಿದೆ. ಅದರ ಪ್ರಕಾರ ಬರೆದ ಆಳಕ್ಕಿಂತ ಕಾಲು ಪಾಲು ಹೆಚ್ಚು ಒತ್ತಡವನ್ನು ಪ್ರತಿಯೊಂದು ವಾಚೂ ತಡೆಯಬೇಕು. ರಿಪೇರಿಯ ಮೇಜಿನಲ್ಲಿ ಇದಕ್ಕೆ ಒಂದು ಪಾರದರ್ಶಕ ಕೊಳವೆ ಇರುತ್ತದೆ. ಕೆಳಗೆ ನೀರು, ಮೇಲೆ ಗಾಳಿಯಲ್ಲಿ ವಾಚು. ಒತ್ತಡ ಏರಿಸಿ, ವಾಚನ್ನು ನೀರಿಗಿಳಿಸಿ, ಒತ್ತಡ ಮೆಲ್ಲಗೆ ಬಿಡುತ್ತಾರೆ. ಸೋರಿಕೆಯಿದ್ದರೆ ಒಳಹೊಕ್ಕ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ನೀರು ಒಳಗೆ ಹೋಗುವ ಮುನ್ನ ವಾಚನ್ನು ಮೇಲೆತ್ತುತ್ತಾರೆ. ಗುಳ್ಳೆ ಚಾವಿಯ ಬದಿಯಿಂದ ಬಂದರೆ ಚಾವಿ, ಗಾಜಿನ ಬದಿಯಿಂದ ಬಂದರೆ ಗಾಜು, ಮತ್ತೆ ಬಿಚ್ಚಬೇಕು.

ಪರೀಕ್ಷೆ ಪಾಸಾದ ಹಳೆಯ ವಾಚು ಮಳೆಗೆ, ಕೈ ತೊಳೆಯುವುದಕ್ಕೆ ಹೆದರಬೇಕಿಲ್ಲ. ರಬ್ಬರು ಹೊಸದಾದರೂ ಕವಚದ ಮರೆಗಳು ನಲವತ್ತು ವರ್ಷ ಹಳೆಯವೇ, ಹಾಗಾಗಿ ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಮಾಡಿಸಬೇಕು. ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಸ್ಕೂಬಾ ಮಾಡುವ ಯೋಚನೆಯಿದ್ದರೆ ಅಲ್ಲಿನ ತರಬೇತುದಾರರ ಮಣಿಕಟ್ಟು ನೋಡಿ. ಆಳ, ಹೊತ್ತು, ಮೇಲೇರಬೇಕಾದ ವೇಗ ಎಲ್ಲವನ್ನೂ ಲೆಕ್ಕ ಹಾಕುವ ಡೈವ್ ಕಂಪ್ಯೂಟರ್ ಅಲ್ಲಿರುತ್ತದೆ. ಚೋರ್ ಬಜಾರಿನ ಸೀಕೋವನ್ನು ದೋಣಿಯ ಬ್ಯಾಗಿನಲ್ಲೇ ಬಿಟ್ಟು ನೀರಿಗಿಳಿಯಿರಿ.