ಹೊಸ ಇಗರ್ಜಿಯನ್ನು ನೋಡುವ ಬಗೆ

ಮನುಷ್ಯನು ನಿರ್ಮಿಸುವ ಕಲಾಕೃತಿಗಳಲ್ಲೆಲ್ಲ ಕಟ್ಟಡವು ಅತ್ಯಂತ ಬಹಿರಂಗವಾದುದು. ಪುಸ್ತಕವು ಹಿಡಿಸದಿದ್ದರೆ ಮುಚ್ಚಿಡಬಹುದು. ಚಿತ್ರವು ಹಿಡಿಸದಿದ್ದರೆ ಗೋಡೆಯಿಂದ ಇಳಿಸಿಬಿಡಬಹುದು. ಕಟ್ಟಡದ ವಿಷಯದಲ್ಲಿ ಇಂತಹ ಅವಕಾಶವಿಲ್ಲ. ಊರಿನ ನಡುವೆ ಒಮ್ಮೆ ಎದ್ದು ನಿಂತಿತೆಂದರೆ ಮೂರು ನಾಲ್ಕು ತಲೆಮಾರಿನ ಜನ ಅದರೊಡನೆ ಬಾಳಬೇಕಾಗುತ್ತದೆ. ಆದುದರಿಂದ ಕಟ್ಟಡದ ಗುಣದೋಷಗಳನ್ನು ಅರಿಯುವ ವಿವೇಚನೆಯು ವಾಸ್ತುಶಿಲ್ಪಿಗಳಿಗೆ ಬೇಕಾದಂತೆ ಸಾಮಾನ್ಯ ನಾಗರಿಕರಿಗೂ ಬೇಕು.

ಬ್ರಹ್ಮಾವರದಿಂದ ಕುಂದಾಪುರವನ್ನು ದಾಟಿ ಬೈಂದೂರಿನವರೆಗಿನ ಕರಾವಳಿಯಲ್ಲಿ ದೇವಾಲಯ, ಮಸೀದಿ, ಇಗರ್ಜಿಗಳು ಅಕ್ಕಪಕ್ಕದಲ್ಲಿಯೇ ಬೆಳೆದು ಬಂದಿವೆ. ಕುಂದಾಪುರದ ರೋಸರಿ ಮಾತೆಯ ಇಗರ್ಜಿಯು 1570ರಲ್ಲಿ ಸ್ಥಾಪಿತವಾಯಿತು. ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆ, ಎತ್ತರವಾದ ಮುಖಭಿತ್ತಿ, ಘಂಟಾಗೋಪುರ, ಇಳಿಜಾರಾದ ಮಾಡು, ಇವು ಕರಾವಳಿಯ ಹಳೆಯ ಇಗರ್ಜಿಗಳ ಪರಿಚಿತ ಲಕ್ಷಣಗಳು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಕೆಂಪು ಹೆಂಚು ಈ ರೂಪದ ಅವಿಭಾಜ್ಯ ಅಂಗವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಕಾಂಕ್ರೀಟು ಬಂದಿತು. ಅದರೊಂದಿಗೆ ಹಿಂದೆಂದೂ ಕಾಣದ ಆಕಾರಗಳೂ ಬಂದವು. ಇಂತಹ ಕಟ್ಟಡವನ್ನು ಕಂಡಾಗ ಒಬ್ಬರು, “ಇದು ಇಗರ್ಜಿಯಂತೆಯೇ ಇಲ್ಲ” ಎನ್ನುತ್ತಾರೆ. ಇನ್ನೊಬ್ಬರು, “ಹೊಸದಾಗಿದೆ, ಸೊಗಸಾಗಿದೆ” ಎನ್ನುತ್ತಾರೆ. ಇವೆರಡೂ ರುಚಿಯ ಮಾತುಗಳು. ತೀರ್ಪು ಎನಿಸಿಕೊಳ್ಳಬೇಕಾದರೆ ಮಾತಿಗೆ ಕಾರಣಗಳು ಬೇಕು. ಆ ಕಾರಣಗಳನ್ನು ನಾವು ಎಲ್ಲಿ ಹುಡುಕಬೇಕು?

ಮೊದಲು ಕೇಳಬೇಕಾದುದು, ಕಟ್ಟಡವು ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆಯೇ ಎಂಬುದನ್ನು. ಇಗರ್ಜಿಯ ಮುಖ್ಯ ಕೆಲಸವೆಂದರೆ ಜನರನ್ನು ಆರಾಧನೆಗಾಗಿ ಒಟ್ಟುಗೂಡಿಸುವುದು. ಹಿಂದೆ ಬಲಿಪೂಜೆಯು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಗುರುಗಳು ಸಾಮಾನ್ಯವಾಗಿ ಜನರಿಗೆ ಬೆನ್ನುಮಾಡಿ, ದೂರದ ಬಲಿಪೀಠದ ಮುಂದೆ ನಿಲ್ಲುತ್ತಿದ್ದರು. ಅದಕ್ಕೆ ಉದ್ದವಾದ ಸಭಾಂಗಣವು ತಕ್ಕುದಾಗಿತ್ತು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ಜನರೆಲ್ಲರೂ ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಸಾರಿತು. ನಮ್ಮ ಕರಾವಳಿಯಲ್ಲಿ ಕೊಂಕಣಿ, ಕನ್ನಡ ಭಾಷೆಗಳು ಬಲಿಪೂಜೆಯಲ್ಲಿ ಕೇಳಿಬರತೊಡಗಿದವು. ಗುರುಗಳು ಜನರ ಕಡೆಗೆ ಮುಖಮಾಡಿ ನಿಂತರು. ಬಲಿಪೀಠವು ಎಲ್ಲರಿಗೂ ಕಾಣಬೇಕು, ಓದಿದ ಮಾತು ಎಲ್ಲರಿಗೂ ಕೇಳಿಸಬೇಕು ಎಂಬ ಅಗತ್ಯ ಉಂಟಾಯಿತು. ಬೀಸಣಿಗೆಯಂತೆ ಅಗಲವಾಗಿ ಹರಡಿದ ಇಗರ್ಜಿಗಳು ಹುಟ್ಟಿದುದಕ್ಕೆ ಇದು ಮುಖ್ಯವಾದೊಂದು ಕಾರಣ. ಹೊಸ ಆಕಾರದ ಹಿಂದೆ ಇಂತಹ ಕಾರಣವಿದ್ದರೆ ಅದು ಸಾರ್ಥಕವಾದುದು. ಆದರೆ ಅಗಲವಾದ ಅಂಗಣದಲ್ಲಿ ಮಾತು ಮಾರ್ದನಿಗೊಂಡು ಕಲಸಿಹೋದರೆ, ಹೊರಗಿನ ನೋಟವು ಎಷ್ಟೇ ಭವ್ಯವಾಗಿದ್ದರೂ ಕಟ್ಟಡವು ತನ್ನ ಮೊದಲ ಪರೀಕ್ಷೆಯಲ್ಲಿಯೇ ಸೋತಂತೆ.

ಎರಡನೆಯದು ಬೆಳಕು ಮತ್ತು ಗಾಳಿಯ ಪ್ರಶ್ನೆ. ಪ್ಯಾರಿಸ್ ನಗರದ ಸಮೀಪದ ಲೆ ರೇನ್ಸಿ ಎಂಬಲ್ಲಿ ಆಗಸ್ಟ್ ಪೆರೆ ಎಂಬ ವಾಸ್ತುಶಿಲ್ಪಿಯು 1922-23ರಲ್ಲಿ ಕಾಂಕ್ರೀಟಿನ ಇಗರ್ಜಿಯೊಂದನ್ನು ಕಟ್ಟಿದನು. ತೆಳುವಾದ ಕಂಬಗಳೇ ಮಾಡಿನ ಭಾರವನ್ನು ಹೊತ್ತುದರಿಂದ ಗೋಡೆಗಳಿಗೆ ಹೊರೆಯಿಲ್ಲವಾಯಿತು. ಅವನು ಗೋಡೆಗಳನ್ನೆಲ್ಲ ಬಣ್ಣದ ಗಾಜಿನ ಜಾಲರಿಗಳನ್ನಾಗಿ ಮಾಡಿದನು. ಅಲ್ಲಿನ ಮಂದವಾದ ಬಿಸಿಲಿಗೆ ಅದು ಒಪ್ಪುತ್ತದೆ. ಅದನ್ನೇ ತಂದು ಕುಂದಾಪುರದ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದರೆ ಒಳಗಿದ್ದವರು ಬೆಂದುಹೋದಾರು! ತಿರುವನಂತಪುರದಲ್ಲಿ ಲಾರಿ ಬೇಕರ್ ಅವರು 1970ರ ಸುಮಾರಿಗೆ ಕಟ್ಟಿದ ಲೊಯೋಲಾ ಪ್ರಾರ್ಥನಾಮಂದಿರವು ಬೇರೆಯ ದಾರಿಯನ್ನು ತೋರಿಸುತ್ತದೆ. ಅಲ್ಲಿನ ಎತ್ತರವಾದ ಜೋಡಿಗೋಡೆಗಳ ಉದ್ದಕ್ಕೂ ಇಟ್ಟಿಗೆಯ ನಡುವೆ ಸಣ್ಣ ಸಣ್ಣ ಕಿಂಡಿಗಳಿವೆ. ಬಿಸಿಲಿನ ಝಳವು ಹೊರಗೇ ಉಳಿಯುತ್ತದೆ. ಗಾಳಿಯೂ ಮೃದುವಾದ ಬೆಳಕೂ ಒಳಗೆ ಬರುತ್ತವೆ.

ನಮ್ಮ ಕರಾವಳಿಯ ಅನೇಕ ಕುಟುಂಬಗಳು ಉದ್ಯೋಗಕ್ಕಾಗಿ ಹೋಗಿ ನೆಲೆಸಿದ ಮುಂಬಯಿಯಲ್ಲಿ ಮತ್ತೊಂದು ಉದಾಹರಣೆಯಿದೆ. ದಾದರ್ ಭಾಗದಲ್ಲಿ ಜನರು ‘ಪೋರ್ಚುಗೀಸ್ ಚರ್ಚ್’ ಎಂದು ಕರೆಯುವ ಇಗರ್ಜಿಯ ಈಗಿನ ಕಟ್ಟಡವನ್ನು ಚಾರ್ಲ್ಸ್ ಕೊರಿಯಾ ಅವರು ರೂಪಿಸಿದರು. 1977ರಲ್ಲಿ ಅದು ಪೂರ್ಣಗೊಂಡಿತು. ಇಲ್ಲಿ ಒಂದೇ ದೊಡ್ಡ ಸಭಾಂಗಣದ ಬದಲು ಒಂದಕ್ಕೊಂದು ಹೊಂದಿಕೊಂಡ ಹಲವು ಅಂಗಣಗಳಿವೆ. ಕೆಲವಕ್ಕೆ ಮಾಡಿದೆ, ಕೆಲವು ಆಕಾಶಕ್ಕೆ ತೆರೆದಿವೆ. ಮೇಲೆ ಎತ್ತರವಾಗಿ ಕಿರಿದಾಗುತ್ತ ಹೋಗುವ ಕಾಂಕ್ರೀಟಿನ ಚಿಪ್ಪುಗಳು ಬಿಸಿಗಾಳಿಯನ್ನು ಹೊರಹಾಕಿ ಬೆಳಕನ್ನು ಕೆಳಗಿಳಿಸುತ್ತವೆ. ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ನಡುವಣ ಅಂಗಳವು ಮಾಡುತ್ತಿದ್ದ ಕೆಲಸವೇ ಇದು. ರೂಪವು ಹೊಸದು; ಅದರ ಹಿಂದಿನ ತಿಳಿವಳಿಕೆಯು ಹಳೆಯದು.

ಮೂರನೆಯದು ಮಳೆಯ ಪ್ರಶ್ನೆ. ಪ್ಯಾರಿಸಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಉಡುಪಿ ಜಿಲ್ಲೆಯಲ್ಲಿ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಹೀಗಿರುವಾಗ ನೀರು ಎಲ್ಲಿ ಬಿದ್ದು ಎಲ್ಲಿಗೆ ಹರಿಯುವುದೆಂಬುದನ್ನು ಯೋಚಿಸದ ಮಾಡು ಇಲ್ಲಿ ಬಾಳಲಾರದು. ಫ್ರಾನ್ಸಿನ ರೋಂಶಾಂ ಎಂಬ ಊರಿನ ಬೆಟ್ಟದ ಮೇಲೆ ಲ ಕಾರ್ಬೂಸಿಯೇ 1955ರಲ್ಲಿ ಪೂರ್ಣಗೊಳಿಸಿದ ಪ್ರಾರ್ಥನಾಮಂದಿರವನ್ನು ನೋಡಬೇಕು. ಅದರ ಬಾಗಿದ ಮಾಡು ಮೊದಲ ನೋಟಕ್ಕೆ ಕಲಾವಿದನ ಸ್ವೇಚ್ಛೆಯಂತೆ ಕಾಣುತ್ತದೆ. ಆದರೆ ಮಳೆಯ ನೀರೆಲ್ಲವೂ ಆ ಬಾಗಿನಲ್ಲಿ ಸೇರಿ, ಹಿಂಭಾಗದ ಒಂದೇ ದೋಣಿಯ ಮೂಲಕ ಕೆಳಗಿನ ತೊಟ್ಟಿಗೆ ಧುಮುಕುತ್ತದೆ. ನೀರಿನ ಅಭಾವವಿದ್ದ ಬೆಟ್ಟದಲ್ಲಿ ಇದು ವಿವೇಕದ ಏರ್ಪಾಡು. ಎರಡನೆಯ ಮಹಾಯುದ್ಧದಲ್ಲಿ ನಾಶವಾದ ಹಳೆಯ ಮಂದಿರದ ಕಲ್ಲುಗಳನ್ನೂ ಹೊಸ ಗೋಡೆಗಳಲ್ಲಿ ಬಳಸಲಾಯಿತು. ವಿಚಿತ್ರವೆಂದು ಹಲವರು ಟೀಕಿಸಿದ ಈ ಕಟ್ಟಡವು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು.

ನಾಲ್ಕನೆಯದು ಬಾಳಿಕೆ. ಕಾಂಕ್ರೀಟು ಕಲ್ಲಿನಂತೆ ಶಾಶ್ವತವೆಂದು ಭಾವಿಸುವವರಿದ್ದಾರೆ. ಸಮುದ್ರತೀರದಲ್ಲಿ ಈ ನಂಬಿಕೆಯು ಅಪಾಯಕಾರಿ. ಗಾಳಿಯಲ್ಲಿರುವ ಉಪ್ಪಿನಂಶವು ತೇವದೊಡನೆ ಕಾಂಕ್ರೀಟಿನೊಳಗೆ ಇಳಿದು ಉಕ್ಕಿನ ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ; ಸುತ್ತಣ ಕಾಂಕ್ರೀಟು ಬಿರಿದು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಲೆ ರೇನ್ಸಿಯ ಇಗರ್ಜಿಗೂ ಕಾಲಾಂತರದಲ್ಲಿ ದೊಡ್ಡ ದುರಸ್ತಿಯು ಅಗತ್ಯವಾಯಿತು. ಹೆಂಚು ಒಡೆದರೆ ಊರಿನ ಕೆಲಸಗಾರನೇ ಅದನ್ನು ತೆಗೆದು ಬೇರೊಂದನ್ನು ಇಡಬಲ್ಲನು. ಕಾಂಕ್ರೀಟಿನ ಚಿಪ್ಪು ಬಿರುಕುಬಿಟ್ಟರೆ ನುರಿತ ತಂತ್ರಜ್ಞರೂ ಹೆಚ್ಚಿನ ಹಣವೂ ಬೇಕಾಗುತ್ತವೆ. ಆದುದರಿಂದ ಕಟ್ಟುವವರು ಉದ್ಘಾಟನೆಯ ದಿನವನ್ನು ನೆನೆಯುವಂತೆಯೇ ಐವತ್ತನೆಯ ಮಳೆಗಾಲವನ್ನೂ ನೆನೆಯಬೇಕು.

ಕೊನೆಯದಾಗಿ, ಕಟ್ಟಡವು ತನ್ನ ನೆಲಕ್ಕೆ ಒಗ್ಗಿದೆಯೇ ಎಂಬುದನ್ನು ನೋಡಬೇಕು. ಒಗ್ಗುವುದೆಂದರೆ ಹಳೆಯದನ್ನು ಅನುಕರಿಸುವುದು ಎಂದು ತಿಳಿಯಬಾರದು. ಕಾಂಕ್ರೀಟಿನ ಮೇಲೆ ಅಲಂಕಾರಕ್ಕಾಗಿ ಹೆಂಚನ್ನು ಅಂಟಿಸಿದ ಮಾತ್ರಕ್ಕೆ ಕಟ್ಟಡವು ಕರಾವಳಿಯದಾಗುವುದಿಲ್ಲ. ಎರಚಲು ಮಳೆಯನ್ನು ತಡೆಯುವಷ್ಟು ಮುಂಚಾಚಿದ ಸೂರು, ಪೂಜೆಯ ಬಳಿಕ ಜನರು ನಿಂತು ಮಾತನಾಡಲು ನೆರಳಿರುವ ಜಗಲಿ, ಸುತ್ತಣ ತೆಂಗಿನ ತೋಟಗಳನ್ನೂ ನೆರೆಯ ಮನೆಗಳನ್ನೂ ಅಡಗಿಸಿಬಿಡದ ಎತ್ತರ, ಇವುಗಳಿಂದ ಕಟ್ಟಡಕ್ಕೂ ಊರಿಗೂ ಸಂಬಂಧವು ಏರ್ಪಡುತ್ತದೆ.

ಈ ಐದು ಪ್ರಶ್ನೆಗಳು ಹಳೆಯ ಕಟ್ಟಡಕ್ಕೂ ಹೊಸ ಕಟ್ಟಡಕ್ಕೂ ಸಮಾನವಾಗಿ ಅನ್ವಯಿಸುತ್ತವೆ. ಹಳೆಯದೆಂಬ ಕಾರಣಕ್ಕೆ ಎಲ್ಲವೂ ಪೂಜ್ಯವಲ್ಲ. ಹೊಸದೆಂಬ ಕಾರಣಕ್ಕೆ ಎಲ್ಲವೂ ಪ್ರಗತಿಯೂ ಅಲ್ಲ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಬೇಕೆಂಬ ಚರ್ಚೆಯು ಒಂದಲ್ಲ ಒಂದು ದಿನ ಎಲ್ಲ ಊರುಗಳಲ್ಲಿಯೂ ಏಳುತ್ತದೆ. ಅಂದು ಕೇವಲ ಮೆಚ್ಚುಗೆ ಅಥವಾ ತಿರಸ್ಕಾರದ ಮಾತುಗಳಿಂದ ನಿರ್ಧಾರವಾದರೆ, ಕೆಡವಿದುದು ಮರಳಿ ಬಾರದು. ಕಟ್ಟಿದುದನ್ನು ಸುಲಭವಾಗಿ ಅಳಿಸಲೂ ಆಗದು. ಬಡವರು ದುಡಿದು ಕೊಟ್ಟ ಕಾಣಿಕೆಯೂ ಅದರಲ್ಲಿ ಸೇರಿರುತ್ತದೆ.

ನಿಮ್ಮ ಊರಿನ ಇಗರ್ಜಿಯನ್ನಾಗಲಿ, ದೇವಾಲಯವನ್ನಾಗಲಿ, ಶಾಲೆಯನ್ನಾಗಲಿ ಮೂರು ಹೊತ್ತಿನಲ್ಲಿ ನೋಡಿರಿ: ಬೇಸಗೆಯ ನಡುಮಧ್ಯಾಹ್ನ ಒಮ್ಮೆ, ಆಷಾಢದ ಮಳೆಯಲ್ಲಿ ಒಮ್ಮೆ, ಜನರು ತುಂಬಿರುವಾಗ ಒಮ್ಮೆ. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಏನು ಕಾಣುತ್ತದೆ, ಏನು ಕೇಳಿಸುತ್ತದೆ ಎಂಬುದನ್ನು ಗಮನಿಸಿರಿ. ನೀರು ಹರಿಯುವ ದಾರಿಯನ್ನು ಕಣ್ಣಿನಿಂದ ಹಿಂಬಾಲಿಸಿರಿ. ಆ ಬಳಿಕ ನೀವು ಕೊಡುವ ತೀರ್ಪು ಹೊಗಳಿಕೆಯಾದರೂ ಟೀಕೆಯಾದರೂ, ಕೇಳುವವರು ಗೌರವಿಸತಕ್ಕ ಮಾತಾಗಿರುತ್ತದೆ.