ಟೆನ್ಷನ್‌ನಿಂದ ಶುಗರ್ ಬರುತ್ತದೆಯೇ?

“ಟೆನ್ಷನ್ ಮಾಡಿಕೊಂಡೇ ಅವರಿಗೆ ಶುಗರ್ ಬಂತು” ಎಂಬ ಮಾತನ್ನು ನೀವು ಮದುವೆ ಮನೆಯಲ್ಲೋ ಆಸ್ಪತ್ರೆಯ ಬೆಂಚಿನಲ್ಲೋ ಕೇಳಿಯೇ ಇರುತ್ತೀರಿ. ಮಗಳ ಮದುವೆಗೆ ಮಾಡಿದ ಸಾಲ, ಗಲ್ಫ್‌ನಲ್ಲಿರುವ ಮಗನ ಕೆಲಸದ ಚಿಂತೆ, ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಹೀಗೆ ಕಾರಣ ಯಾವುದೂ ಆಗಿರಬಹುದು. ಮಾತೂ ಹೊಸದಲ್ಲ. 17ನೇ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್, ದೀರ್ಘಕಾಲದ ದುಃಖವೂ ಮಧುಮೇಹಕ್ಕೆ ಒಂದು ಕಾರಣವೆಂದು ಬರೆದಿದ್ದರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯದಿದ್ದರೆ ಅಪಾಯವೂ ಇದೆ.

ದೇಹದೊಳಗೆ ನಡೆಯುವುದೇನು?

ನಾಯಿ ಅಟ್ಟಿಸಿಕೊಂಡು ಬಂದಾಗ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಾಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತವೆ. ಆಗ ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ನೀವು ಓಡುತ್ತೀರಿ, ಆ ಸಕ್ಕರೆ ಖರ್ಚಾಗುತ್ತದೆ. ಆದರೆ ಬ್ಯಾಂಕಿನ ನೋಟಿಸು ಬಂದಾಗ ಎಲ್ಲಿಗೆ ಓಡುವುದು? ಕುಳಿತಲ್ಲೇ ಚಿಂತೆ, ಬಿಟ್ಟ ಸಕ್ಕರೆ ರಕ್ತದಲ್ಲೇ ಬಾಕಿ. ತಿಂಗಳುಗಟ್ಟಲೆ ಹೀಗೇ ನಡೆದರೆ ಕಾರ್ಟಿಸಾಲ್ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರಲು ದಾರಿ ಮಾಡುತ್ತದೆ.

ಈ ಕೊಬ್ಬು ಸುಮ್ಮನೆ ಕೂರುವುದಿಲ್ಲ. ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಅಂಶವನ್ನು ಅದು ರಕ್ತಕ್ಕೆ ಬಿಡುತ್ತದೆ. ಅದರ ಪ್ರಭಾವದಿಂದ ಯಕೃತ್ತು ಸಿಆರ್‌ಪಿ ಎಂಬ ಪ್ರೊಟೀನನ್ನು ಹೆಚ್ಚಾಗಿ ತಯಾರಿಸುತ್ತದೆ. ಅಮೆರಿಕದ ಮಹಿಳೆಯರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರೋಗ್ಯವಾಗಿದ್ದಾಗಲೇ ಈ ಎರಡು ಅಂಶಗಳು ಹೆಚ್ಚಿದ್ದವರಿಗೆ ಮುಂದೆ ಮಧುಮೇಹ ಬರುವ ಸಂಭವ ಹೆಚ್ಚು ಎಂದು ಕಂಡುಬಂತು. ದೀರ್ಘಕಾಲ ಒತ್ತಡದಲ್ಲಿ ಬದುಕುವವರ ರಕ್ತದಲ್ಲೂ ಇವು ಏರಿರುವುದನ್ನು ಸಂಶೋಧಕರು ಗಮನಿಸಿದ್ದಾರೆ.

ನಿದ್ದೆಗೆಟ್ಟರೂ ಇದೇ ಕಥೆ. ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 11 ಮಂದಿ ಆರೋಗ್ಯವಂತ ಯುವಕರಿಗೆ ಆರು ರಾತ್ರಿ ಕೇವಲ 4 ಗಂಟೆ ಮಲಗಲು ಬಿಟ್ಟರು. ಅಷ್ಟಕ್ಕೇ ಅವರ ದೇಹಕ್ಕೆ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಗ್ಗಿತು, ಸಂಜೆಯ ಕಾರ್ಟಿಸಾಲ್ ಏರಿತು. ಇದು 1999ರಲ್ಲಿ ಪ್ರಕಟವಾದ ಅಧ್ಯಯನ.

ಯಾವ ಪರೀಕ್ಷೆ ಬೇಕು, ಯಾವುದು ಬೇಡ?

ಹಾಗಾದರೆ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ಕಾರ್ಟಿಸಾಲ್ ಬೆಳಿಗ್ಗೆ ಹೆಚ್ಚಿರುತ್ತದೆ, ನಡುರಾತ್ರಿಗೆ ಇಳಿಯುತ್ತದೆ. ಒಂದು ಹನಿ ರಕ್ತದಿಂದ ನಿಮ್ಮ ವರ್ಷದ ಚಿಂತೆ ತಿಳಿಯದು. ಸಿಆರ್‌ಪಿ ಹಲ್ಲಿನ ಸೋಂಕಿಗೂ ಏರುತ್ತದೆ, ಜ್ವರಕ್ಕೂ ಏರುತ್ತದೆ. ಕಾರ್ಟಿಸಾಲ್‌ಗೆ ದೇಹ ಹೇಗೆ ಸ್ಪಂದಿಸಬೇಕೆಂದು ನಿಯಂತ್ರಿಸುವ ಎಫ್‌ಕೆಬಿಪಿ5 ಎಂಬ ಜೀನ್‌ನ ಮೇಲೆ ಒತ್ತಡ ಬಿಡುವ ಗುರುತುಗಳ ಅಧ್ಯಯನವೂ ನಡೆದಿದೆ. ಆದರೆ ಅದಿನ್ನೂ ಸಂಶೋಧನೆಯ ಹಂತದಲ್ಲಿದೆ. ವೈದ್ಯರು ಹೇಳದೆ ಇಂಥ ಪರೀಕ್ಷೆಗಳಿಗೆ ದುಡ್ಡು ಸುರಿಯಬೇಡಿ.

ನಿಮಗೆ ಬೇಕಾದವು ಎರಡೇ. ಒಂದು, ಖಾಲಿ ಹೊಟ್ಟೆಯ ಸಕ್ಕರೆ. ಇನ್ನೊಂದು, ಎಚ್‌ಬಿಎ1ಸಿ. ರಕ್ತದ ಕೆಂಪುಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ರಕ್ತದಲ್ಲಿನ ಸಕ್ಕರೆ ಅದಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಈ ಪರೀಕ್ಷೆ ಎರಡು ಮೂರು ತಿಂಗಳ ಲೆಕ್ಕವನ್ನು ಒಟ್ಟಿಗೆ ಹೇಳುತ್ತದೆ. ಇದಕ್ಕೆ ಉಪವಾಸವೂ ಬೇಡ.

• ಎಚ್‌ಬಿಎ1ಸಿ ಶೇ. 5.7ಕ್ಕಿಂತ ಕಡಿಮೆ, ಖಾಲಿ ಹೊಟ್ಟೆಯ ಸಕ್ಕರೆ 100ಕ್ಕಿಂತ ಕಡಿಮೆ: ಸಹಜ.
• ಎಚ್‌ಬಿಎ1ಸಿ ಶೇ. 5.7ರಿಂದ 6.4, ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125: ಮಧುಮೇಹದ ಹೊಸ್ತಿಲು.
• ಎಚ್‌ಬಿಎ1ಸಿ ಶೇ. 6.5 ಅಥವಾ ಹೆಚ್ಚು, ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚು: ಮಧುಮೇಹ. ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು.

ರಕ್ತಹೀನತೆ ಇರುವ ಮಹಿಳೆಯರು ಅದನ್ನು ವೈದ್ಯರಿಗೆ ತಿಳಿಸಿ. ಕಬ್ಬಿಣಾಂಶದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ವಯಸ್ಸು 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಉಚಿತ.

ಹೊಸ್ತಿಲಲ್ಲೇ ಹಿಂತಿರುಗಬಹುದು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ. ಹೊಸ್ತಿಲಲ್ಲಿ ನಿಂತವರು ಇನ್ನೂ ಹೆಚ್ಚು, 13.6 ಕೋಟಿ. ಇವರಿಗೆ ಭರವಸೆಯಿದೆ. ಚೆನ್ನೈಯ ವೈದ್ಯರು ಇಂಥವರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡಿಗೆ ಮತ್ತು ಊಟದ ಬದಲಾವಣೆಯಿಂದಲೇ ಅಪಾಯ ಶೇ. 28.5ರಷ್ಟು ತಗ್ಗಿತು. ಆದ್ದರಿಂದ ಮಸೀದಿಗೆ, ಅಂಗಡಿಗೆ ಬೈಕ್ ಬಿಟ್ಟು ನಡೆದೇ ಹೋಗಿ. ಫಜ್ರ್‌ಗೆ ಏಳುವವರು ಇಶಾ ನಂತರ ಮೊಬೈಲ್ ಪಕ್ಕಕ್ಕಿಟ್ಟು ಮಲಗಿ. ಬಿರಿಯಾನಿ, ಸಿಹಿ ಚಹಾ ಮಿತಿಯಲ್ಲಿರಲಿ.

ಉಳಿದರ್ಧ ಸತ್ಯ

ಟೆನ್ಷನ್ ಒಂದೇ ಮಧುಮೇಹ ತರುವುದಿಲ್ಲ. ವಂಶಪಾರಂಪರ್ಯ, ತೂಕ, ಕುಳಿತೇ ಕಳೆಯುವ ದಿನ, ಊಟದ ಕ್ರಮ ಎಲ್ಲವೂ ಸೇರುತ್ತವೆ. “ನನ್ನದು ಟೆನ್ಷನ್ ಶುಗರ್, ಚಿಂತೆ ಮುಗಿದರೆ ತಾನೇ ಇಳಿಯುತ್ತದೆ” ಎಂದುಕೊಂಡು ಮಾತ್ರೆ ನಿಲ್ಲಿಸುವವರಿದ್ದಾರೆ. ಇದು ಬಹಳ ಅಪಾಯಕಾರಿ. ನೋವಿಲ್ಲದೆಯೇ ಕಣ್ಣು, ಮೂತ್ರಪಿಂಡ, ಪಾದಗಳು ಹಾಳಾಗುತ್ತಾ ಹೋಗುತ್ತವೆ. ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ.

ಮನೆಯವರಿಗೂ ಒಂದು ಮಾತು. ಅಡುಗೆ, ಮಕ್ಕಳು, ರೋಗಿಯ ಆರೈಕೆ ಎಲ್ಲವನ್ನೂ ಒಬ್ಬಳೇ ಹೊತ್ತಿರುವ ತಾಯಿಗೆ “ಟೆನ್ಷನ್ ಮಾಡಿಕೊಳ್ಳಬೇಡಿ” ಎಂದರೆ ಪ್ರಯೋಜನವಿಲ್ಲ. ವಾರದಲ್ಲಿ ಎರಡು ರಾತ್ರಿ ರೋಗಿಯ ಬಳಿ ನೀವು ಕುಳಿತು ಅವರಿಗೆ ಪೂರ್ತಿ ನಿದ್ದೆ ಕೊಡಿ. ಸಂಜೆ ಅರ್ಧ ಗಂಟೆ ಅಡುಗೆಮನೆ ನೋಡಿಕೊಂಡು ಅವರನ್ನು ನಡೆಯಲು ಕಳಿಸಿ. ಈ ತಿಂಗಳೇ ಅವರನ್ನು ಕರೆದುಕೊಂಡು ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿ.