ಒಂದೇ ಸೋಲಿನ ಗಣಿತ

೨೦೧೭ನೆಯ ಇಸವಿಯ ಜುಲೈ ತಿಂಗಳಲ್ಲಿ ಏಷ್ಯಾ ಖಂಡದ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಕಪ್ ಪಂದ್ಯಗಳು ಬೆಂಗಳೂರಿನಲ್ಲಿ ನಡೆದುವು. ಮೊದಲನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಜಪಾನ್ ತಂಡ ಆಸ್ಟ್ರೇಲಿಯವನ್ನು ೭೪-೭೩ ಅಂಕಗಳಿಂದ ಸೋಲಿಸಿತು. ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ನಮ್ಮ ಭಾರತದ ಮಹಿಳೆಯರು ಕಜಕಸ್ತಾನದ ತಂಡವನ್ನು ೭೫-೭೩ ಅಂಕಗಳಿಂದ ಗೆದ್ದು ಮೇಲಿನ ವಿಭಾಗಕ್ಕೆ ಏರಿದರು. ಒಂದು ಕಪ್ಪನ್ನು ನಿರ್ಣಯಿಸಿದ್ದು ಒಂದೇ ಒಂದು ಅಂಕ. ಇನ್ನೊಂದನ್ನು ನಿರ್ಣಯಿಸಿದ್ದು ಒಂದು ಬುಟ್ಟಿಯ ಬೆಲೆಯಾದ ಎರಡು ಅಂಕ. ಕೊನೆಯ ಕ್ಷಣದಲ್ಲಿ ಒಂದು ಚೆಂಡು ಬಳೆಯ ಅಂಚಿಗೆ ತಗುಲಿ ಒಳಕ್ಕೆ ಬೀಳುವ ಬದಲು ಹೊರಕ್ಕೆ ಬಿದ್ದಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತು.

ಹಾಗಾದರೆ ಕಪ್ಪನ್ನು ಗೆದ್ದ ತಂಡವೇ ಅತ್ಯುತ್ತಮ ತಂಡವೆಂದು ಹೇಳಬಹುದೆ? ಇದು ಕ್ರೀಡಾಭಿಮಾನಿಗಳ ಹರಟೆಯ ಪ್ರಶ್ನೆಯೆಂದು ತೋರಿದರೂ ಇದಕ್ಕೆ ಉತ್ತರ ಕೊಡಬೇಕಾದದ್ದು ಗಣಿತ ಮತ್ತು ಭೌತವಿಜ್ಞಾನಗಳು.

ಸೋತ ತಂಡ ಒಡನೆಯೇ ಹೊರಕ್ಕೆ ಹೋಗಬೇಕಾದ ಪಂದ್ಯಾವಳಿಗೆ ‘ನಾಕೌಟ್’ ಎಂದು ಹೆಸರು. ನಮ್ಮ ಚಿಕ್ಕಮಗಳೂರು ಜಿಲ್ಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹೊಸದಾಗಿ ಸೇರಿದ ಕಳಸ, ಅಜ್ಜಂಪುರಗಳೂ ಕೂಡಿ ಇಂದು ಜಿಲ್ಲೆಯಲ್ಲಿ ೯ ತಾಲ್ಲೂಕುಗಳಿವೆ. ತಾಲ್ಲೂಕಿಗೊಂದರಂತೆ ೯ ವಿದ್ಯಾರ್ಥಿನಿಯರ ತಂಡಗಳು ನಾಕೌಟ್ ಕ್ರಮದಲ್ಲಿ ಆಡಿದರೆ ಒಟ್ಟು ಎಷ್ಟು ಪಂದ್ಯಗಳು ಬೇಕು? ಚಿತ್ರ ಬರೆದು ಎಣಿಸುವ ಅಗತ್ಯವಿಲ್ಲ. ಒಂದು ಪಂದ್ಯ ಒಂದು ತಂಡವನ್ನು ಹೊರಕ್ಕೆ ಕಳುಹಿಸುತ್ತದೆ. ಕೊನೆಗೆ ಉಳಿಯುವುದು ಒಂದೇ ತಂಡ. ಆದ್ದರಿಂದ ೮ ತಂಡಗಳು ಹೊರಹೋಗಬೇಕು. ೮ ಪಂದ್ಯಗಳು ಸಾಕು. ತಂಡಗಳು ೧೦೦ ಇದ್ದರೆ ೯೯ ಪಂದ್ಯಗಳು. ಪ್ರತಿ ತಂಡವೂ ಪ್ರತಿಯೊಂದು ತಂಡದೊಡನೆ ಆಡುವ ಲೀಗ್ ಕ್ರಮದಲ್ಲಾದರೋ ೯ ತಂಡಗಳಿಗೆ ೩೬ ಪಂದ್ಯಗಳು ಬೇಕಾಗುತ್ತವೆ. ಕಾಲ, ಹಣ ಎರಡೂ ಕಡಮೆ ಇರುವಲ್ಲಿ ನಾಕೌಟ್ ಕ್ರಮವನ್ನು ಏಕೆ ಮೆಚ್ಚುತ್ತಾರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರತಿ ಸುತ್ತಿನಲ್ಲಿಯೂ ತಂಡಗಳ ಸಂಖ್ಯೆ ಸರಿಯಾಗಿ ಅರ್ಧವಾಗಬೇಕಾದರೆ ಅದು ೨, ೪, ೮, ೧೬ ಹೀಗೆ ಎರಡರ ಘಾತವಾಗಿರಬೇಕು. ಒಂಬತ್ತು ತಂಡಗಳಿದ್ದಾಗ ಹದಿನಾರರ ಪಟ್ಟಿಯಲ್ಲಿ ೭ ಸ್ಥಾನಗಳು ಖಾಲಿ. ಆದಕಾರಣ ೭ ತಂಡಗಳಿಗೆ ‘ಬೈ’ ದೊರೆತು, ಮೊದಲ ಸುತ್ತಿನಲ್ಲಿ ಎರಡು ತಂಡಗಳು ಮಾತ್ರ ಸೆಣಸುತ್ತವೆ. ಆ ಎರಡರಲ್ಲೊಂದು ಕಪ್ಪನ್ನು ಗೆಲ್ಲಬೇಕಾದರೆ ೪ ಜಯ ಬೇಕು. ಮಿಕ್ಕವುಗಳಿಗೆ ೩ ಸಾಕು. ಚೀಟಿ ಎತ್ತುವಾಗಲೇ ಅದೃಷ್ಟ ತನ್ನ ಕೈ ತೋರಿಸಿರುತ್ತದೆ.

ಚೀಟಿಯ ಅದೃಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ‘ಆಲಿಸ್’ ಕಥೆಗಳನ್ನು ಬರೆದು ಲೂಯಿಸ್ ಕ್ಯಾರಲ್ ಎಂದು ಪ್ರಸಿದ್ಧನಾದ ಚಾರ್ಲ್ಸ್ ಡಾಡ್ಜ್‌ಸನ್ ಆಕ್ಸ್‌ಫರ್ಡಿನಲ್ಲಿ ಗಣಿತದ ಅಧ್ಯಾಪಕನಾಗಿದ್ದ. ಟೆನಿಸ್ ಪಂದ್ಯಾವಳಿಗಳಲ್ಲಿ ಎರಡನೆಯ ಬಹುಮಾನ ತಕ್ಕವರಿಗೆ ದೊರೆಯುತ್ತಿಲ್ಲವೆಂದು ಅವನು ೧೮೮೩ರಲ್ಲಿಯೇ ವಾದಿಸಿದ. ಅವನ ತರ್ಕವನ್ನು ೧೬ ತಂಡಗಳಿಗೆ ಅನ್ವಯಿಸಿ ನೋಡೋಣ. ಬಲವಾದ ತಂಡವೇ ಯಾವಾಗಲೂ ಗೆಲ್ಲುತ್ತದೆಂದು ಇಟ್ಟುಕೊಳ್ಳಿ. ಅತ್ಯುತ್ತಮ ತಂಡ ಪಟ್ಟಿಯ ಮೇಲಿನ ಅರ್ಧದಲ್ಲಿದೆ. ಎರಡನೆಯ ಸ್ಥಾನಕ್ಕೆ ಯೋಗ್ಯವಾದ ತಂಡಕ್ಕೆ ಉಳಿದ ಸ್ಥಾನಗಳು ೧೫. ಅವುಗಳಲ್ಲಿ ೮ ಕೆಳಗಿನ ಅರ್ಧದಲ್ಲಿವೆ, ೭ ಮೇಲಿನ ಅರ್ಧದಲ್ಲಿವೆ. ಮೇಲಿನ ಅರ್ಧಕ್ಕೆ ಬಿದ್ದರೆ ಅದು ಅಂತಿಮ ಪಂದ್ಯಕ್ಕೆ ಮುಂಚೆಯೇ ಅತ್ಯುತ್ತಮ ತಂಡದ ಕೈಯಲ್ಲಿ ಸೋತು ಮನೆಗೆ ಹೋಗುತ್ತದೆ. ಎಂದರೆ ಎರಡನೆಯ ತಂಡಕ್ಕೆ ಎರಡನೆಯ ಬಹುಮಾನ ಬರುವ ಸಂಭಾವ್ಯತೆ ೧೫ರಲ್ಲಿ ೮, ಅರ್ಧಕ್ಕಿಂತ ತುಸು ಹೆಚ್ಚು. ಪ್ರಬಲ ತಂಡಗಳನ್ನು ಮೊದಲೇ ಗುರುತಿಸಿ ಬೇರೆ ಬೇರೆ ಭಾಗಗಳಲ್ಲಿ ಇರಿಸುವ ‘ಸೀಡಿಂಗ್’ ಪದ್ಧತಿ ಈ ದೋಷಕ್ಕೆ ಪರಿಹಾರ.

ಬಲವಾದ ತಂಡವೇ ಯಾವಾಗಲೂ ಗೆಲ್ಲುವುದೆಂಬ ಭಾವನೆಯನ್ನು ಈಗ ಕೈಬಿಡೋಣ. ಅತ್ಯುತ್ತಮ ತಂಡ ಯಾವ ಎದುರಾಳಿಯ ಮೇಲಾದರೂ ಹತ್ತರಲ್ಲಿ ೮ ಸಲ ಗೆಲ್ಲುವಷ್ಟು ಸಮರ್ಥವಾಗಿದೆಯೆಂದು ಭಾವಿಸಿ. ೧೬ ತಂಡಗಳ ಕಪ್ಪಿಗೆ ಅದು ೪ ಸಲ ಒಂದೇ ಸಮನೆ ಗೆಲ್ಲಬೇಕು. ೦.೮ನ್ನು ನಾಲ್ಕು ಸಲ ಗುಣಿಸಿದರೆ ಬರುವುದು ಸುಮಾರು ೦.೪೧. ಇಷ್ಟು ಶ್ರೇಷ್ಠವಾದ ತಂಡವೂ ಕಪ್ಪನ್ನು ಗೆಲ್ಲುವ ಸಂಭವಕ್ಕಿಂತ ಕಳೆದುಕೊಳ್ಳುವ ಸಂಭವವೇ ಹೆಚ್ಚು! ಪ್ರತಿ ಸುತ್ತನ್ನೂ ಮೂರು ಪಂದ್ಯಗಳಲ್ಲಿ ಎರಡು ಗೆದ್ದವರಿಗೆ ಎಂದು ಗೊತ್ತುಮಾಡಿದರೆ ಇದೇ ಸಂಭಾವ್ಯತೆ ಸುಮಾರು ೦.೬೪ಕ್ಕೆ ಏರುತ್ತದೆ. ಒಂದೇ ಹಣ್ಣನ್ನು ನೋಡಿ ಇಡೀ ಕಾಫಿ ತೋಟದ ಫಸಲನ್ನು ಅಳೆಯುವುದಕ್ಕೂ, ಕಣದಲ್ಲಿ ಹರಡಿದ ರಾಶಿಯ ನಾಲ್ಕು ಕಡೆಯಿಂದ ಹಿಡಿ ಹಿಡಿ ತೆಗೆದು ನೋಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ. ಪರೀಕ್ಷೆ ಹೆಚ್ಚಿದಷ್ಟೂ ಆಕಸ್ಮಿಕದ ಪಾತ್ರ ಕುಗ್ಗುತ್ತದೆ.

ಈ ನಿಯಮ ಒಂದು ಪಂದ್ಯದ ಒಳಗೂ ಕೆಲಸಮಾಡುತ್ತದೆ. ಒಂದು ತಂಡ ನೂರು ಎಸೆತಗಳಲ್ಲಿ ೫೦ನ್ನೂ ಇನ್ನೊಂದು ೪೫ನ್ನೂ ಬುಟ್ಟಿಗೆ ಹಾಕುವ ಶಕ್ತಿಯುಳ್ಳವು ಎನ್ನೋಣ. ತಲಾ ೧೦ ಎಸೆತಗಳ ಪಂದ್ಯವಾದರೆ ಉತ್ತಮ ತಂಡ ಗೆಲ್ಲುವ ಸಂಭವ ನೂರಕ್ಕೆ ೫೯ರಷ್ಟು. ತಲಾ ೬೦ ಎಸೆತಗಳಾದರೆ ಅದು ನೂರಕ್ಕೆ ೭೦ನ್ನು ಮುಟ್ಟುತ್ತದೆ. ಒಂದೆರಡು ಗೋಲುಗಳಿಂದ ತೀರ್ಮಾನವಾಗುವ ಫುಟ್‌ಬಾಲಿಗಿಂತ ಬ್ಯಾಸ್ಕೆಟ್‌ಬಾಲಿನಲ್ಲಿ ಅನಿರೀಕ್ಷಿತ ಫಲಿತಾಂಶಗಳು ಕಡಮೆಯಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಆದರೆ ಎಸೆತದ ಫಲ ಕೇವಲ ಅದೃಷ್ಟವಲ್ಲ. ಅದನ್ನು ನೂರಕ್ಕೆ ೪೫ರಿಂದ ೫೦ಕ್ಕೆ ಏರಿಸುವ ವಿದ್ಯೆಯಲ್ಲಿ ಭೌತವಿಜ್ಞಾನದ ಪಾಲಿದೆ. ಬಳೆ ನೆಲದಿಂದ ೩.೦೫ ಮೀಟರ್ ಎತ್ತರದಲ್ಲಿದೆ. ಅದರ ವ್ಯಾಸ ೪೫ ಸೆಂಟಿಮೀಟರ್. ಮಹಿಳೆಯರ ಚೆಂಡಿನ ವ್ಯಾಸ ಸುಮಾರು ೨೩ ಸೆಂಟಿಮೀಟರ್. ಫ್ರೀ ಥ್ರೋ ಗೆರೆಯಿಂದ ಬಳೆಯ ಕೇಂದ್ರಕ್ಕೆ ಅಡ್ಡಲಾಗಿ ಸುಮಾರು ೪.೨ ಮೀಟರ್ ದೂರ. ನೇರವಾಗಿ ಮೇಲಿನಿಂದ ನೋಡಿದರೆ ಬಳೆ ಪೂರ್ಣವೃತ್ತ. ಓರೆಯಾಗಿ ನೋಡಿದಂತೆಲ್ಲ ಅದು ಚಪ್ಪಟೆಯಾದ ಅಂಡಾಕಾರವಾಗಿ ಕಾಣುತ್ತದೆ. ಇಳಿದು ಬರುವ ಚೆಂಡಿಗೂ ಬಾಗಿಲು ಹಾಗೆಯೇ ಕಿರಿದಾಗುತ್ತದೆ. ಚೆಂಡು ಅಡ್ಡರೇಖೆಗೆ ೩೧ ಡಿಗ್ರಿಗಿಂತ ಕಡಮೆ ಓರೆಯಲ್ಲಿ ಇಳಿದರೆ ಬಾಗಿಲಿನ ಅಗಲ ಚೆಂಡಿನ ವ್ಯಾಸಕ್ಕಿಂತ ಕಡಮೆ. ಬಳೆಯನ್ನು ಮುಟ್ಟದೆ ಒಳಹೋಗುವುದು ಅಸಾಧ್ಯ.

ಕ್ಷಿಪ್ತವಸ್ತು ಅತಿ ದೂರ ಹೋಗುವುದು ೪೫ ಡಿಗ್ರಿ ಕೋನದಲ್ಲಿ ಎಸೆದಾಗ ಎಂದು ವಿದ್ಯಾರ್ಥಿಗಳು ಓದಿರುತ್ತಾರೆ. ಇಲ್ಲಿ ಆ ಪಾಠವನ್ನು ಹಾಗೆಯೇ ಅನ್ವಯಿಸಿದರೆ ಏನಾಗುತ್ತದೆ? ಚೆಂಡು ೧.೯ ಮೀಟರ್ ಎತ್ತರದಲ್ಲಿ ಕೈಬಿಟ್ಟಿತೆಂದು ಲೆಕ್ಕ ಮಾಡಿ. ೪೫ ಡಿಗ್ರಿಯಲ್ಲಿ ಎಸೆದ ಚೆಂಡು ಬಳೆಯನ್ನು ಸೇರುವಾಗ ಕೇವಲ ೨೪ ಡಿಗ್ರಿ ಓರೆಯಲ್ಲಿ ಇಳಿಯುತ್ತದೆ, ಬಾಗಿಲು ಮುಚ್ಚಿದಂತೆಯೇ. ಅತಿ ಕಡಮೆ ವೇಗದಲ್ಲಿ ಬಳೆಯನ್ನು ಮುಟ್ಟಿಸಬಲ್ಲ ಕೋನ ಸುಮಾರು ೫೩ ಡಿಗ್ರಿ. ಆಗ ವೇಗ ಸೆಕೆಂಡಿಗೆ ೭.೩ ಮೀಟರ್, ಇಳಿಯುವ ಓರೆ ೩೭ ಡಿಗ್ರಿ, ಬಾಗಿಲು ೨೭ ಸೆಂಟಿಮೀಟರ್. ಕೋನವನ್ನು ೬೦ ಡಿಗ್ರಿಗೆ ಏರಿಸಿದರೆ ವೇಗ ೭.೫ ಮೀಟರ್ ಆದರೆ ಸಾಕು. ಬಾಗಿಲೋ ೩೪ ಸೆಂಟಿಮೀಟರಿಗೆ ತೆರೆಯುತ್ತದೆ. ಕೊಂಚ ಹೆಚ್ಚು ಶ್ರಮಕ್ಕೆ ಎಷ್ಟೊಂದು ಲಾಭ! ಇನ್ನೂ ಮೇಲಕ್ಕೆ ಎಸೆದರೆ ಬಾಗಿಲು ಮತ್ತಷ್ಟು ಅಗಲವಾಗುವುದೇನೋ ನಿಜ. ಆದರೆ ಕೋನದಲ್ಲಿ ಆಗುವ ಅಲ್ಪ ತಪ್ಪು ಚೆಂಡನ್ನು ಬಹಳ ದೂರ ತಪ್ಪಿಸುತ್ತದೆ. ಆದ್ದರಿಂದ ೫೩ಕ್ಕಿಂತ ತುಸು ಮೇಲಿನ ಕೋನಗಳು ಹಿತಕರ. ಎತ್ತರವಿಲ್ಲದ ಹುಡುಗಿಯರಿಗೆ ಗುರುಗಳು ‘ಚೆಂಡನ್ನು ಕಮಾನಾಗಿ ಎತ್ತಿ ಎಸೆ’ ಎಂದು ಹೇಳುವುದರ ಮರ್ಮ ಇದೇ.

ನಮ್ಮ ಮಲೆನಾಡಿನ ಎತ್ತರ ಆಟದ ಮೇಲೆ ಪರಿಣಾಮ ಮಾಡುವುದೆ? ಸಮುದ್ರಮಟ್ಟಕ್ಕೆ ಹೋಲಿಸಿದರೆ ಚಿಕ್ಕಮಗಳೂರಿನ ಸುತ್ತ, ಎಂದರೆ ಸುಮಾರು ೧೦೦೦ ಮೀಟರ್ ಎತ್ತರದಲ್ಲಿ, ಗಾಳಿಯ ಸಾಂದ್ರತೆ ನೂರಕ್ಕೆ ಹತ್ತರಷ್ಟು ಕಡಮೆ. ಫ್ರೀ ಥ್ರೋ ಚೆಂಡಿನ ಮೇಲೆ ಗಾಳಿಯ ತಡೆ ಅದರ ತೂಕದ ಎಂಟನೆಯ ಒಂದು ಭಾಗದಷ್ಟಿರುವುದರಿಂದ, ಅದರ ಹತ್ತನೆಯ ಒಂದು ಭಾಗ ತಪ್ಪಿದರೆ ಆಟಗಾರ್ತಿಗೆ ಗೊತ್ತಾಗುವುದೇ ಕಷ್ಟ. ಚೆಂಡಿನ ಒಳಗಿನ ಗಾಳಿಯ ವಿಷಯ ಬೇರೆ. ಮಂಗಳೂರಿನಲ್ಲಿ ಚದರ ಅಂಗುಲಕ್ಕೆ ೮ ಪೌಂಡ್ ಒತ್ತಡಕ್ಕೆ ಗಾಳಿ ತುಂಬಿಸಿ, ಚಾರ್ಮಾಡಿ ಘಾಟಿಯನ್ನು ಹತ್ತಿ ಮೂಡಿಗೆರೆಯ ಮಾರ್ಗವಾಗಿ ಚಿಕ್ಕಮಗಳೂರಿಗೆ ತಂದಿರೆನ್ನಿ. ಹೊರಗಿನ ವಾಯುಭಾರ ೧೪.೭ರಿಂದ ೧೩ಕ್ಕೆ ಇಳಿದಿರುವುದರಿಂದ ಚೆಂಡು ೯.೭ ಪೌಂಡ್ ತೋರಿಸಬೇಕು. ಉಷ್ಣತೆ ೩೦ರಿಂದ ೨೦ ಡಿಗ್ರಿಗೆ ಇಳಿದಿದ್ದರೆ ಸುಮಾರು ಮುಕ್ಕಾಲು ಪೌಂಡ್ ಕಳೆಯುತ್ತದೆ. ಆದರೂ ಚೆಂಡು ಮೊದಲಿಗಿಂತ ಬಿಗಿ. ಪಂದ್ಯಕ್ಕೆ ಮುಂಚೆ ಅದನ್ನು ೧.೮ ಮೀಟರಿನಿಂದ ಬಿಟ್ಟು, ಒಂದು ಮೀಟರಿಗಿಂತ ತುಸು ಮೇಲಕ್ಕೆ ಪುಟಿಯುವುದೇ ಎಂದು ನೋಡಿದರೆ ಸಂದೇಹ ಪರಿಹಾರವಾಗುತ್ತದೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಕಪ್ಪನ್ನು ಗೆದ್ದವರು ಆ ದಿನ ಆ ಪಂದ್ಯಗಳನ್ನು ಗೆದ್ದವರು. ಅವರೇ ಅತ್ಯುತ್ತಮರೆಂಬುದಕ್ಕೆ ಅದು ಪುರಾವೆಯ ಒಂದು ಅಂಶವೇ ಹೊರತು ಪೂರ್ಣ ಪ್ರಮಾಣವಲ್ಲ. ರಾಷ್ಟ್ರಮಟ್ಟದ ತಂಡಗಳಿಗೆ ವರ್ಷವಿಡೀ ಬೇರೆ ಪಂದ್ಯಗಳುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಬಯಲಿನ ಅಂಗಳದಲ್ಲಿ ಕಾಲಿಡಲಾಗದ ಮಲೆನಾಡಿನ ವಿದ್ಯಾರ್ಥಿನಿಯರ ಸ್ಥಿತಿ ಬೇರೆ. ಒಂಬತ್ತು ತಂಡಗಳ ನಾಕೌಟಿನಲ್ಲಿ ನಾಲ್ಕೋ ಐದೋ ತಂಡಗಳು ಒಂದೇ ಪಂದ್ಯ ಆಡಿ ಹಿಂದಿರುಗುತ್ತವೆ. ಕಳಸದಿಂದ ಘಟ್ಟದ ತಿರುವುಗಳನ್ನು ದಾಟಿ ಬಂದ ತಂಡಕ್ಕೆ ಅದು ನಲವತ್ತು ನಿಮಿಷಗಳ ಆಟ. ಅದರ ಬದಲು ತಂಡಗಳನ್ನು ಮೂರರ ಮೂರು ಗುಂಪುಗಳಾಗಿ ಮಾಡಿ, ಗುಂಪಿನೊಳಗೆ ಲೀಗ್ ಆಡಿಸಿ, ಗೆದ್ದ ಮೂರನ್ನೂ ಎರಡನೆಯ ಸ್ಥಾನದವುಗಳಲ್ಲಿ ಉತ್ತಮವಾದ ಒಂದನ್ನೂ ಸೆಮಿಫೈನಲಿಗೆ ತೆಗೆದುಕೊಂಡರೆ ಬೇಕಾಗುವುದು ೧೨ ಪಂದ್ಯಗಳು. ಎಂಟಕ್ಕೆ ನಾಲ್ಕು ಮಾತ್ರ ಹೆಚ್ಚು. ಆದರೆ ಯಾವ ತಂಡವೂ ಎರಡು ಪಂದ್ಯಗಳನ್ನು ಆಡದೆ ಮರಳುವುದಿಲ್ಲ. ಮೊದಲ ದಿನ ಸೋತ ಹುಡುಗಿಗೆ, ತನ್ನ ಎಸೆತದ ಕಮಾನನ್ನು ತಿದ್ದಿಕೊಂಡು ಮರುದಿನ ಮತ್ತೊಮ್ಮೆ ಗೆರೆಯ ಮುಂದೆ ನಿಲ್ಲುವ ಅವಕಾಶ ಸಿಗುತ್ತದೆ.